ಕಲ್ಲನ್ನು ಕೇಳಲು ಕಲಿತ ಊರು

ನಮ್ಮ ಶಿವಾರಪಟ್ಟಣದಲ್ಲಿ ವಿಗ್ರಹ ಮಾಡುವವರಿಗೆ ಕೊರತೆಯಿಲ್ಲ. ಹಾಗಾಗಿ ಯಾವುದಾದರೂ ಹಳ್ಳಿಯವರು ಹೊಸ ದೇವರನ್ನು ಮಾಡಿಸಬೇಕೆಂದರೆ ಇಬ್ಬರು ಮೂವರು ಆಚಾರಿಗಳಿಗೆ ಹೇಳಿ ಕಳಿಸುತ್ತಿದ್ದರು. ಅವರು ಹೋಗಿ ಅರಳೀಕಟ್ಟೆಯ ಮೇಲೆ ನಿಂತು, ತಾವು ಹೇಗೆ ಮಾಡಿಕೊಡುತ್ತೇವೆಂದು ಊರವರ ಮುಂದೆ ಹೇಳಬೇಕಿತ್ತು. ಯಾರ ಮಾತು ಹಿಡಿಸಿತೋ ಅವರ ಕೈಗೆ ವೀಳ್ಯ ಕೊಟ್ಟು ಕೆಲಸ ಒಪ್ಪಿಸುತ್ತಿದ್ದರು.

ನಮ್ಮಪ್ಪ ಕದಿರಪ್ಪಾಚಾರಿ ಮಾತಿಗೆ ನಿಂತರೆ ಮಿಕ್ಕವರು ಚೀಲ ಎತ್ತಿಕೊಂಡು ಹೊರಡುತ್ತಿದ್ದರಂತೆ. ಅಪ್ಪನ ಚೀಲದಲ್ಲಿ ಒಂದು ಸಣ್ಣ ಸುತ್ತಿಗೆ, ನೋಡಲು ಒಂದೇ ತರಹದ ಎರಡು ಕಲ್ಲು. ಒಂದು ಗಟ್ಟಿ, ಇನ್ನೊಂದರ ಒಳಗೆ ಕಣ್ಣಿಗೆ ಕಾಣದ ಬಿರುಕು. ಗಟ್ಟಿಯದು ಗಂಟೆಯಂತೆ ನುಡಿಯುತ್ತಿತ್ತು, ಬಿರುಕಿನದು ಒಡಕು ಗಡಿಗೆಯಂತೆ. ಎರಡನ್ನೂ ಹೊಡೆದು, "ಗಂಟೆನಾ, ಗಡಿಗೆನಾ?" ಎಂದು ಕೇಳುತ್ತಿದ್ದ. ಜನ ಕೂಗಿ ಹೇಳುತ್ತಿದ್ದರು. ಆಮೇಲೆ ಅವರನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ ಮತ್ತೆ ಹೊಡೆಯುತ್ತಿದ್ದ. ಹೊತ್ತು ಮುಳುಗುವುದರೊಳಗೆ ಊರಿಗೆ ಊರೇ ಕಲ್ಲಿನ ದನಿ ಗುರುತಿಸುವುದನ್ನು ಕಲಿತಿರುತ್ತಿತ್ತು. "ನನ್ನ ಮಾತು ನಂಬ್ಬೇಡಿ, ನಿಮ್ಮ ಕಿವಿ ನಂಬಿ" ಎನ್ನುವುದು ಅವನ ಕೊನೆಯ ಮಾತು. ಅದಕ್ಕೇ ವೀಳ್ಯ ಬರುತ್ತಿತ್ತು.

ಅಮ್ಮ ತೀರಿಕೊಂಡಾಗ ನಾನು ಮೂರನೇ ತರಗತಿ. ಒಲೆಯ ಮುಂದೆ ಕೂರಲು ಯಾರಾದರೂ ಬೇಕಿತ್ತು, ಸ್ಕೂಲು ಬಿಟ್ಟೆ. ನನಗೆ ನಾಲ್ಕು ಜನರ ಮುಂದೆ ಬಾಯಿ ಬರುತ್ತಿರಲಿಲ್ಲ. ಪಕ್ಕದ ಮನೆಗೆ ಹೆಪ್ಪು ಕೇಳಲು ಹೋದರೂ ಬಾಗಿಲಲ್ಲಿ ನಿಂತು, ಅವರೇ ನೋಡಿ ಕೇಳಲಿ ಎಂದು ಕಾಯುತ್ತಿದ್ದೆ. ಸುಮ್ಮನೆ ನೋಡುತ್ತಾ ಕೂರುವುದು ಮಾತ್ರ ಬರುತ್ತಿತ್ತು.

ಸೀರೆ ಉಡುವ ವಯಸ್ಸಿಗೆ ಬಂದ ಮೇಲೆ, ಹಾಗೆ ನೋಡುತ್ತಾ ಇದ್ದಾಗಲೇ ಗೊತ್ತಾಯಿತು. ಅನ್ನದ ಗಂಜಿ ಉಕ್ಕಿ ಒಲೆ ಚುರ್ರೆಂದರೂ ಪಕ್ಕದಲ್ಲೇ ಕೂತ ಅಪ್ಪ ತಿರುಗಲಿಲ್ಲ. ಹಿಂದಿನಿಂದ ಕರೆದರೆ ಓಗೊಡಲಿಲ್ಲ. ಎದುರಿಗೆ ಬಂದು ಹೇಳಿದರೆ ಎಲ್ಲಕ್ಕೂ ಉತ್ತರ. ಚಿಕ್ಕಂದಿನಿಂದ ಉಳಿಯ ಮೇಲೆ ಬಿದ್ದ ಏಟೆಲ್ಲ ಅವನ ಕಿವಿಗೇ ಬಿದ್ದಿತ್ತು.

ಅಲ್ಲಿಂದ ಎರಡು ವರ್ಷ ಅಪ್ಪನಿಗೆ ವೀಳ್ಯ ಬರಲಿಲ್ಲ. ಮಾತು ಮೊದಲಿನಷ್ಟೇ ಚೆನ್ನಾಗಿತ್ತು. ಆದರೆ ನಡುವೆ ಜನ ಏನಾದರೂ ಕೇಳಿದರೆ ಅಪ್ಪ ಅವರ ತಲೆಯ ಮೇಲಿಂದ ಇನ್ನೊಂದು ಕಡೆ ನೋಡುತ್ತಾ ಮುಂದುವರಿಸುತ್ತಿದ್ದ. ಶ್ರೀನಿವಾಸಪುರದ ಕಡೆಯ ಒಂದು ಊರಿನವರು ನಮ್ಮ ಮನೆ ಬಾಗಿಲಲ್ಲೇ, "ನಿಮ್ಮಪ್ಪನಿಗೆ ಕೊಬ್ಬು ಕಣಮ್ಮ, ಕೇಳಿದ್ದಕ್ಕೆ ಉತ್ತರ ಕೊಡಲ್ಲ" ಎಂದು ಹೇಳಿ ಹೋದರು. ಕೊಬ್ಬಲ್ಲ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಕಿವಿ ಕೇಳದ ಆಚಾರಿಗೆ ಯಾವ ಊರು ತಾನೇ ದೇವರನ್ನು ಒಪ್ಪಿಸುತ್ತದೆ? ಬಾಗಿಲು ಹಾಕಿಕೊಂಡೆ.

ಮುಂದಿನ ಸಲ ಅಪ್ಪ ಹೊರಟಾಗ ನಾನೂ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತೆ. ಅವನು ಚೀಲವನ್ನು ನನ್ನ ಕೈಗೆ ಕೊಟ್ಟ.

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ದಿಣ್ಣೆ ಬಂದಲ್ಲೆಲ್ಲ ನಿಂತು, ನಾವು ಇಳಿದು ನಡೆದು, ಮುಳಬಾಗಿಲು ದಾಟಿ ನಂಗಲಿಯ ಆಚೆಗಿನ ಆ ಹಳ್ಳಿಗೆ ಹೋದಾಗ ಮಧ್ಯಾಹ್ನ ಕಳೆದಿತ್ತು. ಅವರ ಊರಿಗೆ ಗಂಗಮ್ಮನ ವಿಗ್ರಹ ಬೇಕಿತ್ತು. ನಾನು ಹೆಂಗಸರ ಸಾಲಿನಲ್ಲಿ ಮುಂದೆ ಕೂತೆ. ಯಾರಾದರೂ ಏನಾದರೂ ಕೇಳಿದರೆ ನಾನು ದನಿಯಿಲ್ಲದೆ ತುಟಿಯಲ್ಲಿ ಅದನ್ನೇ ಹೇಳುತ್ತಿದ್ದೆ. ಗಂಡಸರ ಮೀಸೆಯಲ್ಲಿ, ಎಲೆ ಅಡಿಕೆ ತುಂಬಿದ ಬಾಯಲ್ಲಿ ಅಪ್ಪನಿಗೆ ಏನೂ ತಿಳಿಯುತ್ತಿರಲಿಲ್ಲ. ನನ್ನ ತುಟಿ ತಿಳಿಯುತ್ತಿತ್ತು. ಹೀಗೆ ಮಾಡೋಣವೆಂದು ನಾವು ಮಾತಾಡಿಕೊಂಡೇ ಇರಲಿಲ್ಲ.

ಅಪ್ಪ ಶುರು ಮಾಡುತ್ತಲೇ ದೊಡ್ಡಗಂಗಮ್ಮ ಎಂಬ ಮುದುಕಿ ಅಡ್ಡ ಬಾಯಿ ಹಾಕಿದಳು. "ಏಮಿ ಸ್ವಾಮಿ, ಹರಿಕಥೆ ಮಾಡೋಕೆ ಬಂದ್ರಾ, ವಿಗ್ರಹ ಮಾಡೋಕೆ ಬಂದ್ರಾ?"

ಜನ ನಕ್ಕರು. ನಾನು ತುಟಿ ಆಡಿಸಿದೆ. ಅಪ್ಪ ಅವಳ ಕಡೆ ತಿರುಗಿದ. "ಎರಡೂ ಬರ್ತದೆ ತಾಯಿ. ತಾಳ ಹಾಕೋಕೆ ನೀವಿದ್ದೀರಲ್ಲ."

"ಕುಟ್ಟೋಕೆ ಹಲ್ಲೇ ಇಲ್ಲ, ತಾಳ ಎಲ್ಲಿಂದ ಹಾಕ್ಲಿ?"

"ಕಿವಿ ಇದ್ಯಲ್ಲ, ಸಾಕು. ಬನ್ನಿ ಈ ಕಡೆ."

ಅವಳನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ ಕಲ್ಲು ಹೊಡೆದ. ಅವಳು ಒಂದು ಸಲವೂ ತಪ್ಪಲಿಲ್ಲ. "ಗಂಟೆ," "ಗಡಿಗೆ," "ಮತ್ತೆ ಗಡಿಗೆ, ಮೋಸ ಮಾಡ್ತೀಯಾ ಆಚಾರಿ" ಎನ್ನುತ್ತಾ ಹೋದಳು. ಊರಿನ ಹಿರಿಯ ಶ್ರೀರಾಮಪ್ಪನವರೂ ಪಂಚೆ ಎತ್ತಿ ಕಟ್ಟಿ ಬಂದು ತಿರುಗಿ ನಿಂತರು. ಅವರು ಎರಡು ಸಲ ತಪ್ಪಿದಾಗ ಮುದುಕಿ, "ಇವರಪ್ಪಂದೂ ಇದೇ ಕಿವಿ" ಎಂದಳು. ಹೊರಡುವಾಗ ಅಪ್ಪನ ಕೈಯಲ್ಲಿ ವೀಳ್ಯವಿತ್ತು. ಬಸ್ಸಿಗೆ ಕಾಯುತ್ತಾ ಅವನು ಒಂದು ಎಲೆಗೆ ಸುಣ್ಣ ಹಚ್ಚಿ, ಮಡಿಸಿ ನನಗೆ ಕೊಟ್ಟ. ಅಪ್ಪ ಹಾಗೆ ಕೊಟ್ಟಿದ್ದು ಅದೇ ಮೊದಲು.

ಕಲ್ಲು ಆರಿಸುವ ದಿನ ಶ್ರೀರಾಮಪ್ಪನವರೇ ಗಾಡಿ ಕಟ್ಟಿಕೊಂಡು ಬಂದರು. ಆ ಕಲ್ಲು ನಿಜವಾಗಿಯೂ ಗಂಟೆಯಂತೆ ನುಡಿಯಿತೆಂದು ಅವರೇ ನನಗೆ ಹೇಳಿದರು. ಕಲ್ಲನ್ನು ಅವರ ಊರಿಗೇ ಸಾಗಿಸಿದರು. ಅಮ್ಮನವರನ್ನು ಮಾಡುವಾಗ ಆಚಾರಿ ವ್ರತದಲ್ಲಿದ್ದು, ಗುಡಿಯ ಹಿಂದೆ ತೆಂಗಿನ ಗರಿಯ ಮರೆ ಕಟ್ಟಿಕೊಂಡು ಒಬ್ಬನೇ ಕೆಲಸ ಮಾಡಬೇಕು. ಕೊನೆಗೆ ಉಳಿಯಿಂದ ವಿಗ್ರಹದ ಕಣ್ಣು ತೆರೆಸುವ ದಿನದವರೆಗೂ ಆ ಮರೆಯ ಹತ್ತಿರ ಯಾರೂ ಸುಳಿಯುವಂತಿಲ್ಲ, ಮಗಳಾದರೂ ಅಷ್ಟೇ. ಅಮಾವಾಸ್ಯೆಗೆ ಉಳಿ ಮುಟ್ಟುವುದಿಲ್ಲವಾದ್ದರಿಂದ ಅಪ್ಪ ಮನೆಗೆ ಬರುತ್ತಿದ್ದ. ಹುಬ್ಬಿನವರೆಗೂ ಕಲ್ಲಿನ ಪುಡಿ. "ಇಂಥ ಮುಖ ನನ್ ಕೈಗೆ ಇನ್ನೊಂದ್ಸಲ ಬರಲ್ಲ ಕಣೇ ಆದಿ," ಎನ್ನುತ್ತಿದ್ದ. "ನೋಡಿದ್ರೆ ನಿಮ್ಮಮ್ಮ ಅಂತೀಯ."

ಕಲ್ಲಿನ ಕೆಲಸದಲ್ಲಿ ಒಂದು ಮಾತಿದೆ. ಒಳ್ಳೆಯ ಕಲ್ಲೂ ಕೆಲಸದ ನಡುವೆ ಎಲ್ಲೋ ಒಂದು ಏಟಿಗೆ ಒಳಗೇ ಬಿಟ್ಟುಕೊಡಬಹುದು. ಮೇಲೆ ಏನೂ ಕಾಣುವುದಿಲ್ಲ. ದನಿ ಮಾತ್ರ ಬದಲಾಗುತ್ತದೆ. ಆ ದನಿ ಕೇಳಿದರೆ ಎಂಥ ಆಚಾರಿಯೂ ಅಲ್ಲೇ ಉಳಿ ಕೆಳಗಿಡುತ್ತಾನೆ.

ಕಣ್ಣು ತೆರೆಸುವ ದಿನ ಊರು ಸಾರಿಸಿ ರಂಗೋಲಿ ಹಾಕಿತ್ತು. ಮರೆ ತೆಗೆದಾಗ ಹೆಂಗಸರು ಕೆನ್ನೆಗೆ ಕೈ ಹಚ್ಚಿಕೊಂಡರು. ಅಪ್ಪ ಹೇಳಿದ್ದು ನಿಜ. ಮುಚ್ಚಿದ ರೆಪ್ಪೆ, ಏನೋ ಹೇಳಲು ಹೊರಟು ನಿಂತ ತುಟಿ. ನನಗೆ ಅಮ್ಮನ ಮುಖ ಮರೆತೇ ಹೋಗಿತ್ತು. ಅಂದು ಅದು ನೆನಪಾಯಿತು.

ರೆಪ್ಪೆಯ ಮೇಲೆ ಬೆಳ್ಳಿಯ ಉಳಿ ಇಡುವ ಮುಂಚೆ ಆಚಾರಿ ಊರವರ ಮುಂದೆ ಕೊನೆಯ ಮಾತಾಡಬೇಕು. ಇನ್ನೆರಡು ಹಳ್ಳಿಯ ಹಿರಿಯರೂ ಬಂದಿದ್ದರು, ತಮಗೂ ವಿಗ್ರಹ ಬೇಕೆಂದು. ಅಪ್ಪ ಅವರನ್ನು ಕಂಡಿದ್ದ. ಅವನ ದನಿ ಗುಡಿಯ ಆಚೆಗೂ ಹೋಯಿತು. "ನನ್ನ ಮಾತು ನಂಬ್ಬೇಡಿ, ನಿಮ್ಮ ಕಿವಿ ನಂಬಿ" ಎಂದವನೇ ಸುತ್ತಿಗೆ ಎತ್ತಿ ಪೀಠದ ಮೇಲೆ ಒಂದೇ ಏಟು ಹಾಕಿದ.

"ಗಂಟೆನಾ, ಗಡಿಗೆನಾ?"

ಕೇಳಿಸಿದ್ದು ಗಡಿಗೆ. ಬೇರೆ ಊರಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಊರಿಗೆ ಅಪ್ಪನೇ ಕಲಿಸಿದ್ದ. ಶ್ರೀರಾಮಪ್ಪನವರು ನೆಲ ನೋಡಿದರು. ದೊಡ್ಡಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಭಕ್ತಿಯಿಂದ ಅಳುತ್ತಿದ್ದಾಳೆಂದು ಅಪ್ಪ ತಿಳಿದನೆಂದು ಕಾಣುತ್ತದೆ, ಅವನ ಮುಖ ಅರಳಿತು. ಬೆಳ್ಳಿಯ ಉಳಿ ಕೈಗೆತ್ತಿಕೊಂಡು ಅಭ್ಯಾಸದಂತೆ ನನ್ನ ತುಟಿ ನೋಡಿದ.

ನಾನು ಗಂಟೆ ಎನ್ನಬಹುದಿತ್ತು. ಆಗ ಅವನು ಒಡಕು ಕಲ್ಲಿನಲ್ಲಿ ತಾಯಿಯ ಕಣ್ಣು ತೆರೆಸುತ್ತಿದ್ದ. ಅದಕ್ಕಿಂತ ದೊಡ್ಡ ಪಾಪ ನಮ್ಮ ಕಸುಬಿನಲ್ಲಿ ಇಲ್ಲವೆಂದು ನನಗೆ ಹೇಳಿಕೊಟ್ಟವನೇ ಅವನು. ತುಟಿಯಲ್ಲಿ ಮಾತ್ರ ಗಡಿಗೆ ಎಂದಿದ್ದರೆ, ಆ ಸಂತೋಷದಲ್ಲಿ ಅವನು ನಂಬುತ್ತಿದ್ದನೋ ಇಲ್ಲವೋ. ಎದ್ದು ನಿಂತೆ. ಗುಡಿಯ ಕಟ್ಟೆ ಹತ್ತಿ ಅವನ ಕೈ ಹಿಡಿದುಕೊಂಡೆ.

"ಕಲ್ಲು ಒಡೆದಿದೆ," ಎಂದೆ. ನನ್ನ ದನಿ ಅಷ್ಟು ದೂರ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ. "ನಮ್ಮಪ್ಪಂಗೆ ಕಿವಿ ಕೇಳ್ಸಲ್ಲ. ಅದಕ್ಕೇ ಗೊತ್ತಾಗ್ಲಿಲ್ಲ. ಅವರು ನಿಮಗೆ ಮೋಸ ಮಾಡ್ಲಿಲ್ಲ."

ಹೇಳುತ್ತಿದ್ದದ್ದು ಊರಿಗೆ. ಆದರೆ ಅಪ್ಪ ನನ್ನ ತುಟಿಯಿಂದ ಕಣ್ಣು ತೆಗೆದಿರಲಿಲ್ಲ. ಪ್ರತಿಯೊಂದು ಮಾತೂ ಅವನಿಗೆ ತಲುಪಿತು.

ಅವನು ಅಂಗೈಯನ್ನು ವಿಗ್ರಹದ ಭುಜದ ಮೇಲೆ ಇಟ್ಟ. ಸುತ್ತಿಗೆಯನ್ನು ನನಗೆ ಕೊಟ್ಟು, "ಹೊಡಿ" ಎಂದ. ಹೊಡೆದೆ. ಕಲ್ಲಿನ ಅದುರು ಅಂಗೈಗೆ ಒಡಕೆಂದು ಹೇಳಿತೇನೋ, ಬೆಳ್ಳಿಯ ಉಳಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟ.

"ಕಿವಿ ಕೇಳಲ್ಲ ಅಂತ ಆವತ್ತೇ ಯಾಕ್ ಹೇಳ್ಲಿಲ್ಲ?" ಎಂದರು ಶ್ರೀರಾಮಪ್ಪ. ಅದನ್ನು ಯಾರ ತುಟಿಯೂ ಅಪ್ಪನಿಗೆ ಹೇಳಲಿಲ್ಲ.

"ಆವತ್ತು ಹೇಳಿದ್ರೆ ವೀಳ್ಯ ಕೊಡ್ತಿದ್ಯೇನಪ್ಪಾ?" ಎಂದಳು ದೊಡ್ಡಗಂಗಮ್ಮ. "ಸುಮ್ನಿರು."

ಪಕ್ಕದ ಹಳ್ಳಿಗಳ ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಕಣ್ಣು ತೆರೆಯದ ಆ ಮುಖವನ್ನು ಗಂಡಸರು ಗಾಡಿಯಲ್ಲಿ ಮಲಗಿಸಿ ಕೆರೆಗೆ ಒಯ್ದರು. ನೀರಿಗೆ ಬಿಡುವ ಮುಂಚೆ ಅಪ್ಪ ಅದರ ಹಣೆಯ ಮೇಲಿನ ಕಲ್ಲಿನ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ.

ಈಗ ಅಪ್ಪ ವಿಗ್ರಹ ಮಾಡುವುದಿಲ್ಲ. ಒರಳು, ಬೀಸೋಕಲ್ಲು ಮಾಡುತ್ತಾನೆ. ಮಾಲೂರಿನ ಸಂತೆಯಲ್ಲಿ ಚೀಲ ಹಾಸಿ ಅವನ್ನು ಇಡುತ್ತೇವೆ. ಅಲ್ಲಿ ಕೂಗದಿದ್ದರೆ ಯಾರೂ ನಿಲ್ಲುವುದಿಲ್ಲ, ಕೂಗುವವಳು ನಾನು. ಮೊದಮೊದಲು ಬಾಯಿ ಒಣಗುತ್ತಿತ್ತು. ಈಗ ರೂಢಿಯಾಗಿದೆ. "ರಾಗಿ ಬೀಸಿದ್ರೆ ನುಣ್ಣಗೆ ಬರ್ತದೆ ಅಕ್ಕಾ, ಹೊಡೆದು ನೋಡಿ ತಗೊಳ್ಳಿ" ಎನ್ನುತ್ತೇನೆ. ಸುತ್ತಿಗೆಯನ್ನು ಅವರ ಕೈಗೇ ಕೊಡುತ್ತೇನೆ. ಗಂಟೆಯೋ ಗಡಿಗೆಯೋ ಎಂದು ಮಾತ್ರ ಕೇಳುವುದಿಲ್ಲ.

ನಾನು ಮಾತಾಡುವಾಗ ಅಪ್ಪ ನನಗೆ ಬೆನ್ನು ಹಾಕಿ ಕೂತು ಕಲ್ಲು ಕಟೆಯುತ್ತಿರುತ್ತಾನೆ. ಮನೆಯಲ್ಲಿ ಊಟಕ್ಕೆ ಬಡಿಸುವಾಗಲೂ ತಟ್ಟೆ ನೋಡುತ್ತಾನೆ. ಬೈದಿಲ್ಲ, ಒಂದು ಮಾತೂ ಅಂದಿಲ್ಲ. ಆವತ್ತಿನಿಂದ ನನ್ನ ತುಟಿ ನೋಡಿಲ್ಲ, ಅಷ್ಟೇ. ಯಾರಾದರೂ ದೊಡ್ಡ ಒರಳು ಬೇಕೆಂದರೆ ನಾನು ಹೋಗಿ ಅವನ ತೋಳು ಮುಟ್ಟುತ್ತೇನೆ. ಎರಡೂ ಕೈ ಅಗಲಿಸಿ, ಇಷ್ಟು ದೊಡ್ಡದು ಎಂದು ತೋರಿಸುತ್ತೇನೆ. ಅವನು ನನ್ನ ಕೈಗಳನ್ನು ನೋಡಿ ತಲೆಯಾಡಿಸುತ್ತಾನೆ.