ಮಡಿಲಕ್ಕಿ

ಅರಸೀಕೆರೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಹೆಂಗಸರು ಬಂದು ರವಿಕೆಯ ಅಳತೆ ಕೊಟ್ಟು, "ಸೌಂದರ್ಯಕ್ಕ, ತೋಳು ಬಿಗಿ ಮಾಡ್ಬೇಡ ಕಣೇ" ಎಂದು ಹೋಗುತ್ತಾರೆ. ಅವರಿಗಿಲ್ಲದ ಅನುಮಾನವೆಲ್ಲ ನಮ್ಮ ಮನೆಯವರಿಗೆ. ಹೆತ್ತದ್ದು ಗಂಡಂತೆ, ಸೀರೆಯುಟ್ಟು ಬಂದರೆ ಒಳಗೆ ಬಿಡುವುದು ಹೇಗಂತೆ! ಆರು ವರ್ಷ ನಾನೂ ಹೋಗಲಿಲ್ಲ. ಅವ್ವನ ಮಂಡಿಗೆ ಆಪರೇಷನ್ ಆಯಿತೆಂದು ಕೇಳಿ, ಬೈದರೆ ಬೈಸಿಕೊಂಡೇನು ಎಂದು ಗೆಂಡೆಹಳ್ಳಿ ಬಸ್ಸು ಹತ್ತಿದೆ. ಸುಳ್ಳೇಕೆ, ಅವಳ ಬಾಯಲ್ಲಿ ಒಂದು ಸಲ ಮಗಳು ಎನ್ನಿಸಿಕೊಳ್ಳುವ ಆಸೆ.

ನನ್ನನ್ನು ಕಂಡದ್ದೇ ಅಪ್ಪ ಟವೆಲ್ ಕೊಡವಿ ತೋಟಕ್ಕೆ ಹೊರಟ. ತಮ್ಮ ಮೋಹನ ಕಾಲೇಜು ಮೇಷ್ಟ್ರು. ಅವನು ವಾದಕ್ಕೆ ಕೂತ.

"ಹೇಳ್ಕೊಂಡ ಮಾತ್ರಕ್ಕೆ ಹೆಣ್ಣಾಯ್ತಾರಾ ಅಣ್ಣಾ? ಪದಕ್ಕೆ ಅರ್ಥ ಅಂತ ಒಂದೈತೆ."

"ನಿನ್ನ ಹೆಂಡ್ತಿ ಮದ್ವೆಗೆ ಮುಂಚೆ ಅವ್ವಂಗೆ ಯಾರೋ?"

"ಯಾರೂ ಅಲ್ಲ."

"ಮಾರನೇ ದಿನ ಸೊಸೆ. ಅವಳ ಮೈಯಲ್ಲಿ ಏನ್ ಬದಲಾಯ್ತು? ನಾಲ್ಕ್ ಜನ ಒಪ್ಪಿದ್ರು, ಕರೆದ್ರು, ಆದ್ಲು."

"ಸರಿ, ನಿನ್ನ ಯಾರು ಒಪ್ಪವ್ರೆ?" ಎಂದ ಪುಣ್ಯಾತ್ಮ.

ಮಂಚದ ಮೇಲೆ ಕೂತು ಕೇಳುತ್ತಿದ್ದ ಅವ್ವನ ಕಡೆ ತಿರುಗಿದೆ. "ಬತ್ತೀನಿ ಕಣವ್ವ" ಎಂದು ಎದ್ದೆ.

ಮನೆಗೆ ಬಂದ ಯಾವ ಹೆಂಗಸನ್ನೂ ಅವ್ವ ಕುಂಕುಮ ಕೊಡದೆ ಕಳಿಸಿದವಳಲ್ಲ. ಮನೆ ಮಗಳಾದರೆ ಮಡಿಲಕ್ಕಿಯೂ ಉಂಟು. ಸೆರಗು ಒಡ್ಡಿದರೆ ಅಕ್ಕಿ, ಬೆಲ್ಲ, ಕಾಯಿ ಹಾಕಿ ಕಳಿಸುತ್ತಾರೆ. ಅವ್ವ ಗೋಡೆ ಹಿಡಿದುಕೊಂಡು ಒಳಗೆ ಹೋದಳು, ಕುಂಕುಮದ ಭರಣಿ ತಂದು ನನ್ನ ಹಣೆಗಿಟ್ಟಳು. ಇಟ್ಟ ಮೇಲೆ ತನ್ನ ಬೆರಳನ್ನೇ ನೋಡುತ್ತಾ ನಿಂತಳು. ಕೈಗೆ ರೂಢಿ, ಯೋಚನೆ ಆಮೇಲೆ ಬಂತು.

"ನೋಡ್ದಾ, ಒಬ್ರು ಒಪ್ಪಿದ್ರು" ಎಂದೆ ಮೋಹನನಿಗೆ. ಅವನು ತಲೆ ತಗ್ಗಿಸಿದ.

ಅಷ್ಟಕ್ಕೇ ಸುಮ್ಮನಾಗಬಾರದಿತ್ತೇ ಈ ಆಸೆಬುರುಕಿ? ಅವ್ವನ ಮುಂದೆ ಸೆರಗು ಒಡ್ಡಿದೆ.

ಅವಳು ಅಕ್ಕಿಡಬ್ಬದ ಕಡೆ ನೋಡಿದಳು. ಕಣ್ಣು ತುಂಬಿತು. "ಬಸ್ ಹೊಂಟೋಯ್ತದೆ, ಹೊರಡು" ಎಂದು ಒಳಗೆ ಹೋಗಿಬಿಟ್ಟಳು.

ಬೀದಿಯಿಂದ ಬಂದ ಯಾವ ಹೆಂಗಸಿಗೂ ಸಿಗುವಷ್ಟು ನನಗೂ ಸಿಕ್ಕಿತ್ತು. ಮಗಳಿಗೆ ಸಿಗುವುದು ಸಿಗಲಿಲ್ಲ. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಬೇಲೂರಿನಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು, ನನ್ನ ಹಣೆಯನ್ನೂ ಕಣ್ಣನ್ನೂ ನೋಡಿದಳು.

"ತವರಿಂದ ಬತ್ತಾ ಇದ್ದೀಯೇನವ್ವ?"

"ಹೂಂ ಕಣಜ್ಜಿ."

"ಮತ್ತೆ ಮಡಿಲಕ್ಕಿ?"

"ಮುಂದಿನ್ ಸಲ ಅಂದವ್ಳೆ ಅವ್ವ" ಎಂದೆ.