ಬಗ್ಗದೆ ಮಾಡಿದ ನಮಸ್ಕಾರ

ಕುತ್ತಿಗೆಯ ಆಪರೇಶನ್ ಮಾಡಿಸಿಕೊಂಡವರಿಗೆ ಮೊದಲು ನೋಯುವುದು ಕುತ್ತಿಗೆಯಲ್ಲ, ಟೊಂಕ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದರೂ ಹೆದರಿಕೆಯಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ. ವಿದ್ಯಾನಗರದ ದೊಡ್ಡ ದವಾಖಾನೆಯಲ್ಲಿ ಎಚ್ಚರವಾದಾಗ ಟೊಂಕದ ಬಲಗಡೆ ಬೆಂಕಿ ಇಟ್ಟ ಹಾಗಿತ್ತು. ಈ ಡಾಕ್ಟರು ಕೊಯ್ಯಬೇಕಾದ ಜಾಗ ಬಿಟ್ಟು ಬೇರೆ ಎಲ್ಲಿಯೋ ಕೊಯ್ದಿದ್ದಾರೆ ಎಂದು ನನಗೆ ಸಿಟ್ಟು ನೆತ್ತಿಗೇರಿತು.

"ಅಲ್ರಿ, ಕುತ್ತಿಗಿ ಬಿಟ್ಟು ಟೊಂಕ ಯಾಕ ಕೊಯ್ದೀರಿ?" ಅಂದೆ. ಗಂಟಲು ಕಟ್ಟಿ ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಡಾಕ್ಟರು ನಕ್ಕರು. "ಎರಡೂ ಕೊಯ್ದೇವಿ ತಾಯಿ. ಟೊಂಕದ ಎಲುಬಿನ ಒಂದು ಚೂರು ತಗದು ಕುತ್ತಿಗ್ಯಾಗ ಇಟ್ಟೇವಿ. ಮಾವಿನ ಗಿಡಕ್ಕ ಕಸಿ ಕಟ್ತಾರಲ್ಲ, ಹಂಗ. ಜರುಗಿದ ಎಲುಬು ಪಕ್ಕದ್ದರ ಜೋಡಿ ಕೂಡಿ ಒಂದಾಗಬೇಕು. ಅದು ಕೂಡೋತನಕ ಬಗ್ಗಬಾರದು, ಹೊರಬಾರದು, ಹೊರಳಿ ನೋಡಬಾರದು."

"ಕೈ?" ಅಂದೆ. ನನಗೆ ಬೇಕಾಗಿದ್ದುದು ಅದೊಂದೇ ಉತ್ತರ.

ಡಾಕ್ಟರ ನಗು ನಿಂತಿತು. "ನರ ಭಾಳ ದಿನ ಒತ್ತಿಗೊಂಡಿತ್ತು. ಮೊದಲ ಜುಮುಜುಮು ಕಡಿಮಿ ಆಗತದ. ಸ್ಪರ್ಶ ಬಂದ್ರೂ ಬರಬಹುದು, ಬರದನೂ ಇರಬಹುದು. ಈಗ ಇದ್ದದ್ದು ಹೋಗೂದಿಲ್ಲ, ಅಷ್ಟು ನಾ ಹೇಳಬಲ್ಲೆ."

ಇದ್ದದ್ದಾದರೂ ಏನಿತ್ತು? ಹತ್ತು ಬೆರಳಿಗೂ ಬಟ್ಟೆ ಸುತ್ತಿದಂಥ ಮಂದ. ರೊಟ್ಟಿ ಮಾಡುವಾಗ ಕೈ ಸುಟ್ಟರೆ ಕಮರು ವಾಸನೆ ಬಂದ ಮೇಲೆ ತಿಳಿಯುತ್ತಿತ್ತು. ನನ್ನ ಕೆಲಸವೋ ಕೌದಿ ಹೊಲಿಯುವುದು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಾನು ಮತ್ತು ಪಕ್ಕದ ಮನೆಯ ಮೌಲಾಬಿ ಕೂಡಿ ಹೊಲಿಯುತ್ತಿದ್ದೆವು. ಜನ ಹಳೆಯ ಸೀರೆಗಳ ಗಂಟು ತಂದು ಕೊಡುತ್ತಿದ್ದರು. ಪದರದ ಮೇಲೆ ಪದರ ಹಾಕಿ ಹೊಲಿಯುವಾಗ ಕೆಳಗಿನ ಪದರದಲ್ಲಿ ಎಲ್ಲಿ ಸುಕ್ಕು ಬಿದ್ದಿದೆ, ಎಲ್ಲಿ ದಾರ ಗಂಟಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯಬೇಕು. ನನ್ನ ಬೆರಳಿಗೆ ತಿಳಿಯುತ್ತಿತ್ತು. ಹೊಳೆವ್ವನ ಕೌದಿ ಎಂದರೆ ಧಾರವಾಡದವರೂ ಹುಡುಕಿಕೊಂಡು ಬರುತ್ತಿದ್ದರು ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬೆರಳು ಹೋದರೆ ನಾನು ಬರೀ ತಿನ್ನುವ ಬಾಯಿ.

ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೊರೇಶನ್ ಆದ ಮರುವರ್ಷದ ಮಾತು. ಬೇಸಿಗೆಯಲ್ಲಿ ತಲೆಯ ಮೇಲೆ ತುಂಬಿದ ಕೊಡ ಹೊತ್ತು ಬರುವಾಗ ಓಣಿಯ ಹಾಸುಗಲ್ಲಿನ ಮೇಲೆ ಜಾರಿ ಬಿದ್ದಿದ್ದೆ. ಕೊಡ ನೆಗ್ಗಿತು, ಕುತ್ತಿಗೆ ಹಿಡಿದುಕೊಂಡಿತು. ನನ್ನ ಅತ್ತೆ ಸಾವಕ್ಕ ಔಡಲೆಣ್ಣೆ ಬಿಸಿ ಮಾಡಿ ತಂದಳು. ಓಣಿಯಲ್ಲಿ ಯಾರ ಕೈ ಉಳುಕಿದರೂ ಕಾಲು ಉಳುಕಿದರೂ ತಿಕ್ಕುವವಳು ಆಕೆಯೇ. ಚೆನ್ನಾಗಿ ತಿಕ್ಕಿ, ಗದ್ದಕ್ಕೆ ಒಂದು ಕೈ, ತಲೆಯ ಹಿಂದೆ ಒಂದು ಕೈ ಕೊಟ್ಟು ಒಮ್ಮೆಲೇ ಎಳೆದಳು. ಲಟಕ್ ಎಂದಿತು. "ಹೋತು ನೋಡ ನಿನ್ನ ಉಳುಕು" ಅಂದಳು. ಮರುದಿನದಿಂದ ಬೆರಳು ಜುಮುಗುಡಲು ಹತ್ತಿದವು. ಮಳೆಗಾಲದ ಹೊತ್ತಿಗೆ ಸೂಜಿ ಕೈಯಿಂದ ಬಿದ್ದರೂ ನನಗೆ ತಿಳಿಯದಂತಾಯಿತು.

ಎಕ್ಸ್‌ರೇ ನೋಡಿದ ಡಾಕ್ಟರಿಗೆ ನನ್ನ ಗಂಡ ಹನುಮಂತಪ್ಪ ಎಣ್ಣೆ ತಿಕ್ಕಿ ಎಳೆದದ್ದನ್ನೂ ಹೇಳಿಬಿಟ್ಟಿದ್ದ. ಆತ ದುರ್ಗದಬೈಲಿನ ಅರಿವೆ ಅಂಗಡಿಯಲ್ಲಿ ಗಜಕಟ್ಟಿಗೆ ಹಿಡಿಯುವವನು, ಅಳತೆಯಲ್ಲಿ ಎಳ್ಳಷ್ಟೂ ಬಿಡುವವನಲ್ಲ. ಎಲುಬು ಜರುಗಿದ್ದು ಬಿದ್ದಾಗಲೇ, ಎಳೆದದ್ದರಿಂದ ಇನ್ನಷ್ಟು ಜರುಗಿತೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಅತ್ತೆ ಅಲ್ಲಿಯೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ತುಟಿ ಬಿಚ್ಚಲಿಲ್ಲ. ಅಂದಿನಿಂದ ಆಕೆ ಓಣಿಯಲ್ಲಿ ಯಾರು ಕರೆದರೂ ತಿಕ್ಕಲು ಹೋಗಲಿಲ್ಲ, ಎಣ್ಣೆಯ ಬಾಟಲಿ ಗೋಡೆಯ ಮಾಡದಲ್ಲಿ ಧೂಳು ತಿನ್ನುತ್ತ ಕುಳಿತಿತು. ತಪ್ಪಾಯಿತು ಎಂದು ಒಂದು ಮಾತು ಆಡಬಾರದೇ ಈ ಮುದುಕಿ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಆಪರೇಶನ್ ಆದ ಮೇಲೆ ನನಗೆ ಗಚ್ಚು ಹಾಕಿದರು. ಡಾಕ್ಟರು ಪ್ಲಾಸ್ಟರ್ ಎನ್ನುತ್ತಿದ್ದರು, ನಮ್ಮ ಓಣಿಗೆ ಅದು ಗಚ್ಚು. ಹಣೆಯ ಸುತ್ತ ಒಂದು ಪಟ್ಟಿ, ಗದ್ದದ ಕೆಳಗೆ ಆಸರೆ, ಅಲ್ಲಿಂದ ಟೊಂಕದವರೆಗೆ ಒಂದೇ ಗೋಡೆ. ಮುಖ ಮತ್ತು ಕಿವಿ ಮಾತ್ರ ಹೊರಗೆ. ಹಿಂದಲೆಯ ಕೂದಲು ಬೋಳಿಸಿದ್ದರು. ಅದನ್ನು ನೋಡಿ ಅತ್ತೆ ಅತ್ತಳು, ನಾನು ಅಳಲಿಲ್ಲ. ಕೂದಲು ಬರುತ್ತದೆ ಎಂದು ನನಗೆ ಗೊತ್ತಿತ್ತು.

ಮನೆಗೆ ಬಂದ ಮೇಲೆ ತಿಳಿಯಿತು, ಮನುಷ್ಯ ದಿನಕ್ಕೆ ಎಷ್ಟು ಸಲ ಕೆಳಗೆ ನೋಡುತ್ತಾನೆ ಎಂದು. ನನ್ನ ಕಾಲು ನನಗೆ ಕಾಣುತ್ತಿರಲಿಲ್ಲ, ಹೊಸ್ತಿಲು ಎಡವುತ್ತಿದ್ದೆ. ಹಾಸಿಗೆಯಿಂದ ನೇರ ಏಳುವ ಹಾಗಿಲ್ಲ. ಮರದ ತುಂಡು ಹೊರಳಿದಂತೆ ಇಡೀ ಮೈ ಒಂದು ಮಗ್ಗುಲಿಗೆ ಹೊರಳಬೇಕು, ಕಾಲು ಕೆಳಗಿಳಿಸಬೇಕು, ಆಮೇಲೆ ಯಾರಾದರೂ ಎತ್ತಬೇಕು. ನೆಲದ ಮೇಲಿನ ತಾಟು ಕಾಣದ್ದರಿಂದ ಅತ್ತೆ ಟ್ರಂಕಿನ ಮೇಲೆ ಕೊಳಗ ಬೋರಲು ಹಾಕಿ ಅದರ ಮೇಲೆ ತಾಟು ಇಡುತ್ತಿದ್ದಳು. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಹಾಲಿನಲ್ಲಿ ನೆನೆಸಿ ಒಂದೊಂದೇ ಚೂರು ನುಂಗಬೇಕು. ತಲೆ ಎತ್ತಿ ನೀರು ಕುಡಿಯಲಾಗದು, ದೇವರ ಗಿಂಡಿಯ ಮೂತಿಯಿಂದ ಕುಡಿಯುತ್ತಿದ್ದೆ. ಎಲ್ಲಕ್ಕಿಂತ ಕೆಟ್ಟದ್ದು ತುರಿಕೆ. ಗಚ್ಚಿನೊಳಗೆ ಬೆನ್ನು ತುರಿಸಿದರೆ ಹುಚ್ಚು ಹಿಡಿಯುವುದೊಂದು ಬಾಕಿ. ಕಡ್ಡಿ ಹಾಕಬೇಡಿ, ಗಾಯವಾದರೆ ಕೀವಾಗುತ್ತದೆ ಎಂದು ಸಿಸ್ಟರ್ ಹೆದರಿಸಿ ಕಳಿಸಿದ್ದಳು. ಕೊನೆಗೆ ಮೌಲಾಬಿ ಒಲೆ ಊದುವ ಕೊಳವೆ ತಂದು, ಬೆನ್ನಿನ ಸಂದಿಯಲ್ಲಿ ತುದಿ ಇಟ್ಟು ಊದಿದಳು. ಆ ಸುಖವನ್ನು ನಾನು ಸಾಯುವತನಕ ಮರೆಯುವುದಿಲ್ಲ.

"ಒಲಿ ಹತ್ತೇತೇನ ನೋಡ್ರಿ" ಎಂದು ಆಕೆ ನಗುತ್ತಿದ್ದಳು.

ಟೊಂಕದ ನೋವು ಇಳಿಯಿತು. ಜುಮುಜುಮು ಹೋಯಿತು. ಬೆರಳಿನ ಮಂದ ಮಾತ್ರ ಹೋಗಲಿಲ್ಲ. ಮುಂಜಾನೆ ಮೌಲಾಬಿ ಬಂದು ನನ್ನ ಕಣ್ಣು ಮುಚ್ಚಿಸಿ ಅಂಗೈಯಲ್ಲಿ ಏನಾದರೂ ಇಡುತ್ತಿದ್ದಳು. "ಏನೈತಿ ಹೇಳ್ರಿ?" ನನಗೆ ಸೂಜಿಗೂ ಕಸಬರಿಗೆಯ ಕಡ್ಡಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಒಂದು ದಿನ ಸಿಟ್ಟಿಗೆದ್ದು ಎಲ್ಲ ಚೆಲ್ಲಿಬಿಟ್ಟೆ. "ಇನ್ನ ನೀವು ಈ ಆಟ ಆಡಾಕ ಬರಬ್ಯಾಡ್ರಿ" ಅಂದೆ. ಆಕೆ ಹೋದ ಮೇಲೆ ನಾನು ಅತ್ತುಬಿಟ್ಟೆ. ತಲೆ ತಗ್ಗಿಸಲಾಗದೆ ಅಳುವುದು ಬಹಳ ಕಷ್ಟದ ಕೆಲಸ, ಕಣ್ಣೀರು ಹೋಗಿ ಗಚ್ಚಿನಲ್ಲಿ ಇಂಗುತ್ತದೆ. ಅಡುಗೆ ಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಹಾಗೆಯೇ ಒಳಗೆ ಹೋದಳು.

ಹೀಗಿರುವಾಗ ದಸರೆ ಬಂತು. ಬನ್ನಿಯ ಹಿಂದಿನ ದಿನ ಊಟಕ್ಕೆ ಕುಳಿತಾಗ ಅತ್ತೆ ಬಾಯಿ ಬಿಟ್ಟಳು.

"ನಾಳೆ ಬನ್ನಿ ಕೊಟ್ಟು ನನ್ನ ಕಾಲಿಗೆ ನಮಸ್ಕಾರ ಮಾಡಬೇಕ ಹೊಳೆವ್ವ. ತಪ್ಪಸಬಾರದು."

ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು ಹಿರಿಯರ ಕಾಲು ಮುಟ್ಟುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಇಂಥ ಸ್ಥಿತಿಯಲ್ಲಿ? ನನ್ನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು.

"ಡಾಕ್ಟರ್ ಬಗ್ಗಬ್ಯಾಡ ಅಂದಾರ್ರಿ ಅತ್ತಿ."

"ಬಗ್ಗು ಅಂತ ನಾ ಎಲ್ಲಿ ಅಂದೆ? ನಮಸ್ಕಾರ ಮಾಡು ಅಂದೆ."

ಹನುಮಂತಪ್ಪ ನಡುವೆ ಬಾಯಿ ಹಾಕಿದ. "ಯವ್ವಾ, ಈ ವರ್ಷ ಒಂದು ಬಿಟ್ಟಬಿಡ. ಎಲುಬು ಜರುಗಿತಂದ್ರ ಮತ್ತ ಕೈಯೂ ಇಲ್ಲ, ಕಾಲೂ ಇಲ್ಲ."

"ಬ್ಯಾರೆ ಯಾವ ವರ್ಷ ಬೇಕಾರ ಬಿಡ್ತೇನಿ. ಈ ವರ್ಷ ಬಿಡೂದಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಸೊಸೆ ಗಚ್ಚಿನಲ್ಲಿ ನಿಂತಿದ್ದರೂ ಈಕೆಗೆ ತನ್ನ ಕಾಲಿನ ಮರ್ಯಾದೆಯೇ ಹೆಚ್ಚು! ಆ ರಾತ್ರಿ ಆಕೆಯ ಜೊತೆ ಮಾತು ಬಿಟ್ಟೆ. ಮುಖ ತಿರುಗಿಸಿಕೊಳ್ಳಲು ಬರುವುದಿಲ್ಲವಲ್ಲ, ಅದಕ್ಕೆ ಇಡೀ ಮೈಯನ್ನೇ ಗೋಡೆಯ ಕಡೆಗೆ ತಿರುಗಿಸಿ ಕುಳಿತೆ.

ಮರುದಿನ ಸಂಜೆ ಓಣಿಯ ತುಂಬ ಜನ. ಹೊಸ ಅಂಗಿ, ಕೈಯಲ್ಲಿ ಬನ್ನಿ. ಅತ್ತೆ ನನ್ನನ್ನು ಹೊರಗೆ ಕರೆದಳು. "ಕೆಳಗ ಇಳಿ. ಕಟ್ಟಿ ಮುಂದ ನಿಂದರು" ಅಂದಳು. ಹನುಮಂತಪ್ಪ ಕೈ ಹಿಡಿದು ಮೆಟ್ಟಿಲು ಇಳಿಸಿದ. ನಮ್ಮ ಮನೆಯ ಕಟ್ಟೆ ಎತ್ತರದ್ದು, ಓಣಿಯಲ್ಲಿ ನಿಂತರೆ ನನ್ನ ಟೊಂಕಕ್ಕೆ ಬರುತ್ತದೆ. ನಾನು ನಿಂತೆ. ಏನು ಮಾಡುತ್ತಾಳೋ ನೋಡಿಯೇ ಬಿಡುವಾ ಎಂಬ ಹಟ ನನಗೂ ಬಂದಿತ್ತು.

ಅತ್ತೆ ಸೀರೆ ಎತ್ತಿ ಕಟ್ಟಿ, ಬಾಗಿಲ ಮೆಟ್ಟಿಲಿನಿಂದ ಕಟ್ಟೆಯ ಮೇಲೆ ಒಂದು ಮೊಣಕಾಲು ಊರಿದಳು. ಆಕೆಗೆ ಮೊಣಕಾಲು ಬೇನೆ, ಕಟ್ಟೆ ಹತ್ತಿ ಎಷ್ಟೋ ವರ್ಷಗಳಾಗಿದ್ದವು. ನರಳುತ್ತ, ಬೈಯುತ್ತ, ಕಂಬ ಹಿಡಿದು ಅಂತೂ ಎದ್ದು ನಿಂತಳು.

"ಯವ್ವಾ, ಬೀಳ್ತಿ!" ಹನುಮಂತಪ್ಪ ಓಡಿದ.

ಬನ್ನಿ ಕೊಡಲು ಬಂದಿದ್ದ ಓಣಿಯ ಹಿರಿಯ ಗುರುಸಿದ್ದಯ್ಯ ಬಾಯಿ ಬಿಟ್ಟು ನೋಡಿದರು. "ಏನ ಸಾವಕ್ಕಾ, ನಿನಗ ನೀನ ಗುಡಿ ಕಟ್ಟಿಗೊಂಡೀಯೇನ?"

ಓಣಿಗೆ ಓಣಿಯೇ ನಕ್ಕಿತು. ತನ್ನ ಬಾಗಿಲಲ್ಲಿ ನಿಂತ ಮೌಲಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆ ಯಾರಿಗೂ ಸೊಪ್ಪು ಹಾಕಲಿಲ್ಲ. "ಹೂಂ, ಈಗ ಹಿಡಿ ನನ್ನ ಕಾಲು. ಬಗ್ಗೂದೇನೂ ಬೇಕಾಗಿಲ್ಲ" ಅಂದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಬನ್ನಿ ಹಿಡಿದ ಕೈ ಎತ್ತಿದೆ, ಆಕೆ ಇಸಿದುಕೊಂಡಳು. ಆಮೇಲೆ ಎರಡೂ ಕೈ ಮುಂದೆ ಚಾಚಿದೆ. ಗದ್ದದ ಕೆಳಗಿನ ಗಚ್ಚಿನಿಂದಾಗಿ ನನಗೆ ಕಾಣುತ್ತಿದ್ದುದು ಆಕೆಯ ಸೀರೆಯ ನಿರಿಗೆ ಅಷ್ಟೇ. ಕಟ್ಟೆಯ ಕಲ್ಲಿನ ಮೇಲೆ ತಡವುತ್ತ ಹೋದೆ. ಬೀಳುವ ಹೆದರಿಕೆಗೆ ಆಕೆ ಕಂಬ ಅಪ್ಪಿಕೊಂಡು ಅರ್ಧ ತಿರುಗಿದ್ದಳೆಂದು ನನಗೇನು ಗೊತ್ತು? ಹೆಬ್ಬೆರಳು ಹುಡುಕುತ್ತಿದ್ದ ಕೈಗೆ ಹಿಮ್ಮಡಿ ಸಿಕ್ಕಿತು. ಏನೋ ಒರಟಾದದ್ದು ಬೆರಳ ತುದಿಗೆ ತಾಗಿತು. ಸರಿಸಿದೆ, ಮತ್ತೆ ತಾಗಿತು. ಒಂದು ಗೀರು, ಅದರ ಪಕ್ಕದಲ್ಲಿ ಇನ್ನೊಂದು ಆಳವಾದದ್ದು, ಅದರ ಅಂಚು ಗರಗಸದಂತೆ.

"ಅತ್ತಿ, ಹಿಮ್ಮಡಿ ಎಷ್ಟ ಸೀಳ್ಯಾವ್ರಿ ನಿಮ್ಮವು! ಏನರ ಹಚ್ಚಿಗೋಬಾರದೇನ್ರಿ?" ಅಂದೆ.

ಆಕೆ ಕಂಬ ಹಿಡಿದೇ ನನ್ನ ಕಡೆ ಬಗ್ಗಿದಳು. ನನಗೂ ಆಮೇಲೆಯೇ ಹೊಳೆಯಿತು.

"ನಿನಗ ಹೆಂಗ ಗೊತ್ತಾತು?" ಅತ್ತೆಯ ಧ್ವನಿ ಬಹಳ ಸಣ್ಣದಾಗಿತ್ತು. "ನಿನಗ ಕೆಳಗ ಕಾಣಂಗಿಲ್ಲಲ್ಲ."

"ಬೆರಳಿಗೆ ಹತ್ತಿದ್ವು" ಅಂದೆ.

ಆಕೆ ಕಂಬದ ಗುಂಟ ಜಾರಿ ಕಟ್ಟೆಯ ಮೇಲೆ ಕುಸಿದು ಕುಳಿತಳು. ನನ್ನ ಕೈ ಎಳೆದುಕೊಂಡು ಬೆರಳು ಒಂದೊಂದಾಗಿ ಹಿಸುಕಿದಳು. "ಇದು? ಇದು? ಇದರಾಗ ಐತೇನ?" ಕಿರುಬೆರಳುಗಳಲ್ಲಿ ಇರಲಿಲ್ಲ, ಅವು ಇವತ್ತಿಗೂ ಅರ್ಧ ಮಂದ. ಉಳಿದವುಗಳಲ್ಲಿ ಇತ್ತು. ಆಕೆಯ ಅಂಗೈಯ ಬಿಸಿ, ಬೆವರು, ನಡುಕ, ಎಲ್ಲ ನನಗೆ ತಿಳಿಯುತ್ತಿತ್ತು.

"ನನ್ನ ಕೈಯಿಂದ ಆತು ಅಂತ ಒಂದ ದಿನಾನೂ ನಿದ್ದಿ ಮಾಡಿಲ್ಲವಾ ನಾನು" ಎಂದು ಓಣಿಯ ಎದುರಿಗೇ ಅತ್ತಳು. "ತಪ್ಪಾತು ಅಂದ್ರ ನಿನ್ನ ಕೈ ಬರತಿತ್ತೇನ? ನನ್ನ ಹಂತೇಲಿ ಮತ್ತೇನೈತಿ ಕೊಡಾಕ? ಬನ್ನಿ ದಿನಾ ಕಾಲ ಮುಟ್ಟಿದವರಿಗೆ ಬಾಯಿ ತುಂಬ ಆಶೀರ್ವಾದ ಮಾಡೂದಷ್ಟ. ಅದಕ್ಕ ಹಟಾ ಹಿಡದೆ."

"ಮತ್ತ ಆಶೀರ್ವಾದ ಮಾಡ್ರಿ" ಅಂದೆ. "ಕಾಲಂತೂ ಮುಟ್ಟೇನಿ."

ಆಕೆ ಗಚ್ಚಿನ ಮೇಲೆ ಕೈ ಇಟ್ಟು ಏನೋ ಅಂದಳು. ಅಳುವಿನಲ್ಲಿ ಒಂದು ಶಬ್ದವೂ ತಿಳಿಯಲಿಲ್ಲ. ಮೌಲಾಬಿ ಓಡಿ ಬಂದವಳೇ ನಗುವುದೋ ಅಳುವುದೋ ಗೊತ್ತಾಗದೆ ನನ್ನ ಬೆನ್ನಿಗೆ ಗುದ್ದಲು ಹೋಗಿ, ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಇನ್ನು ಕಟ್ಟೆಯಿಂದ ಅತ್ತೆಯನ್ನು ಇಳಿಸುವುದಕ್ಕೆ ಗುರುಸಿದ್ದಯ್ಯನವರೂ ಕೈ ಹಚ್ಚಬೇಕಾಯಿತು.

ಮರುದಿನ ಮುಂಜಾನೆ ಮಾಡದಿಂದ ಎಣ್ಣೆಯ ಬಾಟಲಿ ತರಿಸಿದೆ. ಧೂಳು ಒರೆಸಿ ಬಿಸಿ ಮಾಡಿಸಿದೆ. ಅತ್ತೆಯನ್ನು ಮಂಚದ ಮೇಲೆ ಕೂಡಿಸಿ, ನಾನು ಎದುರಿಗೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಆಕೆಯ ಕಾಲು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಬೇಡ ಬೇಡ ಎಂದು ಬಹಳ ಕೊಸರಾಡಿದಳು. ನಾನು ಕೇಳಲಿಲ್ಲ. ಗೋಡೆಯ ಕಡೆಗೆ ನೋಡುತ್ತ, ಒಂದೊಂದು ಸೀಳನ್ನೂ ಬೆರಳಿನಿಂದ ಹುಡುಕಿ ಎಣ್ಣೆ ತುಂಬತೊಡಗಿದೆ. ಒಂದನ್ನೂ ಬಿಡಲಿಲ್ಲ.

"ಮೆಲ್ಲಕ ತಿಕ್ಕ" ಅಂದಳು ಅತ್ತೆ. "ಎಳೀಬ್ಯಾಡ."

ಅಂದವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ನಾನು ತಿಕ್ಕುವುದನ್ನು ನಿಲ್ಲಿಸಿದೆ.

"ಎಳ್ಯಾಂಗಿಲ್ಲ ಬಿಡ್ರಿ ಅತ್ತಿ" ಅಂದೆ. ಮೊದಲು ನಕ್ಕವಳು ಆಕೆಯೇ.