ತಂಗಿ ತಂದ ಪಂಚಮಿ ಉಂಡಿ

ನಾಗರಪಂಚಮಿಗೆ ಅಣ್ಣ ತಂಗಿಯ ಮನೆಗೆ ಉಂಡಿ ಒಯ್ಯಬೇಕು. ತಂಗಿಯೇ ಅಣ್ಣನ ಮನೆಗೆ ಒಯ್ದರೆ ಅದು ಅವನ ಮುಖಕ್ಕೆ ಹೊಡೆದಂತೆ. ಉಮಾಶ್ರೀಗೆ ಇದು ಗೊತ್ತಿತ್ತು. ಗೊತ್ತಿದ್ದೇ ಶೇಂಗಾ ಹುರಿಯಲು ಕೂತಳು.

ಬೇರೆ ಜಾತಿಯ ಶರಣಕುಮಾರನನ್ನು ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ಕಕ್ಕೇರಾದ ತವರಿನಿಂದ ಯಾರೂ ಅವಳ ಮನೆಗೆ ಕಾಲಿಟ್ಟಿರಲಿಲ್ಲ. ಪಂಚಮಿ ಬಂದರೆ ಓಣಿಯ ಹೆಂಗಸರು ತಮ್ಮ ತಮ್ಮ ತವರಿನ ಉಂಡಿ ತಟ್ಟೆಯಲ್ಲಿಟ್ಟು ಮನೆಮನೆಗೆ ಕೊಡುತ್ತಿದ್ದರು. ಹೋದ ವರ್ಷ ಅತ್ತೆ ಅಂಬವ್ವ ಅಂಗಡಿಯಿಂದ ಉಂಡಿ ತರಿಸಿ, ಸೊಸೆಯ ಅಣ್ಣ ತಂದುಕೊಟ್ಟು ಹೋದನೆಂದು ಸುಳ್ಳು ಹೇಳಿ ಹಂಚಿದ್ದಳು. ಈ ಸಲವೂ ಹಾಗೇ ಮಾಡೋಣವೆಂದಳು. ಉಮಾಶ್ರೀ ಒಪ್ಪಲಿಲ್ಲ. ತರದವನ ಹೆಸರಿನಲ್ಲಿ ಹಂಚಿ ಅವನನ್ನು ಒಳ್ಳೆಯವನನ್ನಾಗಿ ಮಾಡುವ ಕೆಲಸ ತನ್ನದಲ್ಲ, ತಾನೇ ಮಾಡಿ ಕಕ್ಕೇರಾಕ್ಕೆ ಒಯ್ಯುತ್ತೇನೆ ಎಂದಳು.

ಶೇಂಗಾ ಉಂಡಿಗೆ ಪಾಕದ ತಾಪತ್ರಯವಿಲ್ಲ. ಹುರಿದ ಶೇಂಗಾದ ಸಿಪ್ಪೆ ತಿಕ್ಕಿ ತೆಗೆದು, ಮಿಕ್ಸರಿನಲ್ಲಿ ತರಿತರಿಯಾಗಿ ತಿರುಗಿಸಿ, ಕುಟ್ಟಿದ ಬೆಲ್ಲ, ಯಾಲಕ್ಕಿ ಪುಡಿ ಸೇರಿಸಿ, ಎಣ್ಣೆ ಬಿಡುವತನಕ ಹಿಚುಕಿ ಕಟ್ಟಿದರೆ ಮುಗಿಯಿತು. ಅಂಬವ್ವ ಬಾಗಿಲಲ್ಲಿ ನಿಂತು, ಮರ್ಯಾದೆ ಕಳೆದುಕೊಂಡು ಬಂದರೆ ತನಗೆ ಹೇಳಬೇಡ ಎಂದಳು. ಆಮೇಲೆ ತಾನೂ ಕೂತು ಕಟ್ಟತೊಡಗಿದಳು. ಸೊಸೆಯ ಉಂಡಿ ಸಣ್ಣದಾಗುತ್ತಿದೆ, ಕಕ್ಕೇರಾದವರು ನಮ್ಮನ್ನು ಜಿಪುಣರೆಂದಾರು ಎಂದು ಬೈದಳು.

ಉಮಾಶ್ರೀ ಉಂಡಿ ತುಂಬಿದ ಡಬ್ಬಿ ಹಿಡಿದು, ಸುರಪುರದಲ್ಲಿ ಬಸ್ಸು ಬದಲಿಸಿ ಕಕ್ಕೇರಾದಲ್ಲಿ ಇಳಿದಳು. ತವರಿನ ಓಣಿಯಲ್ಲಿ ಹುಡುಗಿಯರು ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಜೀಕುತ್ತಿದ್ದರು. ಅಣ್ಣ ಅಮರಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅವಳನ್ನು ಕಂಡವನೇ ಎದ್ದು ಬಾಗಿಲಿಗೆ ಅಡ್ಡ ನಿಂತ.

"ಏನ್ ತಂದೀ?"

"ಪಂಚಮಿ ಉಂಡಿ. ನೀ ತರಲಿಲ್ಲ, ಅದಕ್ಕ ನಾನ ತಂದೆ."

"ತಂಗಿ ಅಣ್ಣಗ ಉಂಡಿ ಕೊಡೂದು ಎಲ್ಲ್ಯಾರ ಅದ ಏನು? ಮಂದಿ ನಗ್ತಾರ."

"ನನ್ನ ನೋಡಿ ನಕ್ಕು ನಕ್ಕು ಮಂದಿಗೇ ಬ್ಯಾಸರಾಗ್ಯಾದ. ಇನ್ನ ನಿನ್ನ ನೋಡಿ ನಗ್ಲಿ."

ಜೋಕಾಲಿ ನಿಂತಿತು. ಎದುರು ಮನೆಯ ಗುರಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಸರಿಯಾಗಿ ಕೂತ. ಅಮರಪ್ಪ ದನಿ ತಗ್ಗಿಸಿ, ಎಲ್ಲರೂ ನೋಡುತ್ತಿದ್ದಾರೆ, ಹಿತ್ತಲ ಕಡೆಯಿಂದ ಒಳಗೆ ಬಾ ಎಂದ. ಅವಳು ಅಲ್ಲಾಡಲಿಲ್ಲ.

"ಹಿತ್ತಲ ಬಾಗಲಾಗ ಬರಾಕ ನಾ ಏನು ಕದ್ದು ಮದಿವಿ ಆಗಿಲ್ಲಣ್ಣ. ನಿನಗ ಹೇಳೇ ಆಗೀನಿ."

ಡಬ್ಬಿಯ ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟು ಪಕ್ಕದಲ್ಲೇ ಕೂತಳು. ಒಳಗಿನಿಂದ ಅವ್ವ ಸೂಗಮ್ಮ ಬಂದಳು. ಮಗ ಸರಿಯದಿದ್ದಾಗ ಅವನ ತೋಳು ತಳ್ಳಿ ಹೊರಗೆ ಬಂದಳು. ಮಗಳ ಮುಖವನ್ನೂ ನೋಡದೆ ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡು, ಓಣಿಯೆಲ್ಲ ಕಾಯುವಷ್ಟು ನಿಧಾನವಾಗಿ ಅಗಿದಳು.

"ಶೇಂಗಾ ಇನ್ನೊಂಚೂರು ಹುರೀಬೇಕಿತ್ತು," ಎಂದು ಇನ್ನೊಂದು ತೆಗೆದುಕೊಂಡಳು.

ಅಮರಪ್ಪ ಒಳಗೆ ಹೋದ. ಬಾಗಿಲು ಹಾಕಲೂ ಇಲ್ಲ, ಬಾ ಎನ್ನಲೂ ಇಲ್ಲ. ಅವ್ವ ಒಳಗೆ ನಡೆ ಎಂದಳು. ಕರೆಯಬೇಕಾದವನು ಕರೆಯಲಿ ಎಂದು ಉಮಾಶ್ರೀ ಎದ್ದು, ಉಳಿದ ಉಂಡಿ ಓಣಿಗೆ ಹಂಚಲು ಹೊರಟಳು. ಮೊದಲು ಗುರಪ್ಪನ ಮನೆ. ಅವನ ಹೆಂಡತಿ ತಟ್ಟೆ ಹಿಡಿದು, ಇವು ಯಾರ ಮನೆಯ ಉಂಡಿ ಎಂದು ಗೊತ್ತಿದ್ದೂ ಕೇಳಿದಳು.

"ಅಮರಪ್ಪನ ತಂಗಿ ಮನೀವು," ಎಂದಳು ಉಮಾಶ್ರೀ, ಎದುರು ಮನೆಯ ಒಳಗಿದ್ದವನಿಗೂ ಕೇಳುವಂತೆ. "ಬರೋ ವರ್ಷನೂ ತರ್ತೀನ್ರಿ."